ತುದಿಯಿಂದ ಬೆಟ್ಟ ಕಾಣುವುದಿಲ್ಲ

ಪ್ರಶ್ನೆ: ನಾನು ಪಾಂಡವಪುರದವನು. ಮೂರು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಕುಂತಿಬೆಟ್ಟ, ಮೇಲುಕೋಟೆ, ಕರಿಘಟ್ಟ, ಚಾಮುಂಡಿಬೆಟ್ಟ ಅಂತ ಹತ್ತುತ್ತಲೇ ಇದ್ದೇನೆ. ಹತ್ತುವ ಹುಚ್ಚಿನಿಂದಲೇ ಫೋಟೊ ಹುಚ್ಚೂ ಹಿಡಿಯಿತು. ಈಚೆಗೆ 18–55 ಮಿ.ಮೀ. ಲೆನ್ಸ್ (18 ಅಗಲ ನೋಟಕ್ಕೆ, 55 ತುಸು ಹತ್ತಿರ ತರಲು) ಇರುವ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡೆ. ತುದಿಯಲ್ಲಿ ನಿಂತಾಗ ಮೈ ಜುಮ್ಮೆನ್ನುತ್ತದೆ. ಮನೆಗೆ ಬಂದು ನೋಡಿದರೆ ಮೇಲೆ ಬಿಳಿಚಿದ ಆಕಾಶ, ಕೆಳಗೆ ಚಪ್ಪಟೆ ಹಸಿರು, ಅಷ್ಟೇ. ತಪ್ಪು ಎಲ್ಲಿ? ಇನ್ನೂ ಅಗಲದ ಲೆನ್ಸ್ ಬೇಕೆ? ಹಗ್ಗ ಹಾಕಿ ಬಂಡೆ ಹತ್ತುವುದನ್ನೂ ಕಲಿಯಬೇಕೆಂದಿದ್ದೇನೆ. ಆಗ ಕ್ಯಾಮೆರಾ ಹೇಗೆ ಒಯ್ಯುವುದು?

ಉತ್ತರ: ತಪ್ಪು ಕ್ಯಾಮೆರಾದ್ದಲ್ಲ, ನಿಂತ ಜಾಗದ್ದು. ಬೆಟ್ಟದ ನೆತ್ತಿಯಲ್ಲಿ ನಿಂತು ಹೊರಗೆ ನೋಡಿದಾಗ ಚೌಕಟ್ಟಿನೊಳಗೆ ಎಲ್ಲವೂ ಇರುತ್ತದೆ, ಬೆಟ್ಟವೊಂದನ್ನು ಬಿಟ್ಟು. ನಿಮ್ಮ ಮೈ ಜುಮ್ಮೆಂದದ್ದು ಕೆಳಗಿನ ಗದ್ದೆಯನ್ನು ನೋಡಿ ಮಾತ್ರವಲ್ಲ. ಕಾಲಡಿಯ ಬಂಡೆ, ಏರಿ ಬಂದ ಕಡಿದಾದ ದಾರಿ, ಬೀಸುವ ಗಾಳಿ, ಏದುಸಿರು ಎಲ್ಲ ಸೇರಿ ಆದದ್ದು ಅದು. ಲೆನ್ಸಿಗೆ ಇದ್ಯಾವುದೂ ಗೊತ್ತಿಲ್ಲ. ಅದಕ್ಕೆ ಸಿಗುವುದು ಎರಡು ಕಿಲೋಮೀಟರ್ ಆಚೆಗಿನ ಬಯಲು ಮಾತ್ರ. ಅಷ್ಟು ದೂರದ್ದೆಲ್ಲ ಒಂದೇ ಪದರಕ್ಕೆ ಅಂಟಿಕೊಂಡಂತೆ ಬೀಳುತ್ತದೆ. ಹತ್ತಿರದ ವಸ್ತು ಒಂದೂ ಇಲ್ಲದಿದ್ದರೆ ಕಣ್ಣಿಗೆ ಆಳ ಅಳೆಯಲು ಆಧಾರವೇ ಇರುವುದಿಲ್ಲ.

ಹಾಗಾಗಿ ಮೊದಲ ಬದಲಾವಣೆ ಇದು: ತುದಿಯವರೆಗೂ ಹತ್ತಿ, ಆದರೆ ಚಿತ್ರಕ್ಕೆ ಮುಕ್ಕಾಲು ಎತ್ತರದಲ್ಲಿ ನಿಲ್ಲಿ. ಅಲ್ಲಿಂದ ಒಂದು ಪಕ್ಕಕ್ಕೆ ಬೆಟ್ಟದ ಇಳಿಜಾರು ಚೌಕಟ್ಟಿನೊಳಗೆ ಬರುತ್ತದೆ, ಇನ್ನೊಂದು ಪಕ್ಕಕ್ಕೆ ಬಯಲು. ಇಳಿಜಾರಿನ ಗೆರೆಯೇ ನೋಡುವವರನ್ನು ಕೆಳಗೆ ಇಳಿಸಿ ದೂರಕ್ಕೆ ಒಯ್ಯುತ್ತದೆ. ಕುಂತಿಬೆಟ್ಟದಲ್ಲಿ ಎರಡು ಗುಡ್ಡ ಅಕ್ಕಪಕ್ಕದಲ್ಲೇ ಇರುವುದು ನಿಮ್ಮ ಭಾಗ್ಯ. ಒಂದರ ಮೇಲೆ ನಿಂತು ಇನ್ನೊಂದನ್ನು ತೆಗೆಯಬಹುದು. ಮೇಲುಕೋಟೆಯಲ್ಲೂ ಅಷ್ಟೇ. ಯೋಗಾನರಸಿಂಹಸ್ವಾಮಿಯ ಬೆಟ್ಟ ಹತ್ತಿ ದರ್ಶನ ಮಾಡಿ ಬನ್ನಿ. ಚಿತ್ರಕ್ಕೆ ಕಲ್ಯಾಣಿಯ ಮೆಟ್ಟಿಲು ಅಥವಾ ರಾಯಗೋಪುರದ ಕಡೆಯ ಬಂಡೆ ವಾಸಿ. ಬೆಟ್ಟವನ್ನು ನೋಡಲು ಬೆಟ್ಟದಿಂದ ಇಳಿದು ನಿಲ್ಲಬೇಕು.

ಹತ್ತುವವರಿಗೆ ಇರುವ ದೊಡ್ಡ ಅನುಕೂಲವೂ ಇಲ್ಲಿಯೇ ಇದೆ. ಕಾರಿನಲ್ಲಿ ವ್ಯೂ ಪಾಯಿಂಟಿಗೆ ಬಂದವರಿಗೆ ಒಂದೇ ಕೋನ. ನಿಮಗೆ ಯಾವ ಹಾಸುಬಂಡೆ ಎಲ್ಲಿಗೆ ತೆರೆದುಕೊಳ್ಳುತ್ತದೆ, ಯಾವ ಸಂದಿನಲ್ಲಿ ನುಸುಳಿದರೆ ಆಚೆ ಬದಿ ಸಿಗುತ್ತದೆ ಎಂಬುದು ಕಾಲಿಗೇ ಗೊತ್ತು. ಅಮೆರಿಕದ ಗೇಲನ್ ರೊವೆಲ್ ಮೊದಲು ಬಂಡೆ ಹತ್ತುವವರು, ಆಮೇಲೆ ಛಾಯಾಗ್ರಾಹಕ. 1981ರಲ್ಲಿ ಟಿಬೆಟ್ಟಿನ ಲಾಸಾದಲ್ಲಿ ಕಾಮನಬಿಲ್ಲು ಕಂಡಾಗ ಅದು ಪೊಟಾಲ ಅರಮನೆಯ ಮೇಲೆ ಇರಲಿಲ್ಲ. ತಾನು ಸರಿದರೆ ಬಿಲ್ಲೂ ಸರಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ಎತ್ತರದ ತೆಳು ಗಾಳಿಯಲ್ಲಿ ಓಡಿ, ಬಿಲ್ಲಿನ ಬುಡ ಅರಮನೆಯ ಮೇಲೆ ಬೀಳುವ ಜಾಗಕ್ಕೆ ಹೋಗಿ ತೆಗೆದರು. ಅವರು ಒಯ್ಯುತ್ತಿದ್ದದ್ದು ಚಿಕ್ಕ 35 ಮಿ.ಮೀ. ಕ್ಯಾಮೆರಾ. ಹಗುರ ಸಾಮಾನು, ಗಟ್ಟಿ ಕಾಲು, ಬೆಳಕಿನ ಲೆಕ್ಕ: ಈ ಮೂರರಲ್ಲಿ ಎರಡು ನಿಮ್ಮಲ್ಲಿ ಆಗಲೇ ಇವೆ.

ಇನ್ನು ಬೆಳಕಿನ ಲೆಕ್ಕ. ಇದರ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹೊರದೇಶದವರ ವಿಡಿಯೊ ನೋಡಿ ಕಲಿತವರು ಇಲ್ಲಿ ಮೋಸ ಹೋಗುತ್ತಾರೆ. ಮೈಸೂರು, ಮಂಡ್ಯ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಮ್ಮಲ್ಲಿ ಸೂರ್ಯ ಓರೆಯಾಗಿ ತೆವಳುವುದಿಲ್ಲ, ಹೆಚ್ಚುಕಮ್ಮಿ ನೆಟ್ಟಗೆ ಏರುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲೇರಲು ಸುಮಾರು 25 ನಿಮಿಷ ಸಾಕು. ‘ಗೋಲ್ಡನ್ ಅವರ್’ ಎಂದು ಒಂದು ಗಂಟೆ ನೆಚ್ಚಿಕೊಂಡರೆ ಹೊಂಬಣ್ಣ ಮುಗಿದ ಮೇಲೆ ಟ್ರೈಪಾಡ್ ಬಿಚ್ಚುತ್ತಿರುತ್ತೀರಿ. ಜನವರಿ ನಡುವಿನಲ್ಲಿ ನಮ್ಮಲ್ಲಿ ಸೂರ್ಯೋದಯ 6:45 ದಾಟಿ, ಜೂನ್ ಆರಂಭದಲ್ಲಿ 6ಕ್ಕೆ ಸ್ವಲ್ಪ ಮುಂಚೆ. ಅದಕ್ಕೂ 30–40 ನಿಮಿಷ ಮೊದಲೇ ನೀವು ಜಾಗದಲ್ಲಿ ಕೂತಿರಬೇಕು, ಟ್ರೈಪಾಡ್ ನಿಂತಿರಬೇಕು, ಫೋಕಸ್ ಆಗಿರಬೇಕು.

ಸೂರ್ಯ ಹುಟ್ಟುವ ಜಾಗವೂ ಬದಲಾಗುತ್ತದೆ. ಡಿಸೆಂಬರ್ ಕೊನೆಗೆ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಅಂದರೆ ಪೂರ್ವದಿಂದ ಆ ಕಡೆ ಎರಡೂವರೆ ಮುಷ್ಟಿ, ಈ ಕಡೆ ಎರಡೂವರೆ ಮುಷ್ಟಿ. ಮುಂದಿನ ಸಲ ಬೆಟ್ಟದ ಮೇಲೆ ನಿಂತು ಮೊಬೈಲಿನ ದಿಕ್ಸೂಚಿಯಲ್ಲಿ ಪೂರ್ವ ಹಿಡಿದು ಮುಷ್ಟಿ ಅಳೆದು ನೋಡಿ. ಯಾವ ತಿಂಗಳಲ್ಲಿ ಯಾವ ಬಂಡೆಯ ಸಂದಿನಿಂದ ಸೂರ್ಯ ಇಣುಕುತ್ತಾನೆಂದು ಆರು ತಿಂಗಳು ಮೊದಲೇ ಗುರುತು ಹಾಕಿಕೊಳ್ಳಬಹುದು.

ಈ ಲೆಕ್ಕ ಎಷ್ಟು ಉಪಯೋಗ ಎಂಬುದಕ್ಕೆ ಚಾಮುಂಡಿಬೆಟ್ಟ ನೋಡಿ. ಬೆಟ್ಟದ ನೆತ್ತಿಯಿಂದ ಅರಮನೆ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿದ ದಿಕ್ಕಿನಲ್ಲಿ, ಸುಮಾರು 4 ಕಿ.ಮೀ. ದೂರದಲ್ಲಿದೆ. ಡಿಸೆಂಬರಿನಲ್ಲಿ ಸೂರ್ಯ ನೈಋತ್ಯದ ಕಡೆ ವಾಲಿ ಮುಳುಗುವುದರಿಂದ ನಗರಕ್ಕೆ ಎಡಗಡೆಯಿಂದ ಬಹುತೇಕ 90 ಡಿಗ್ರಿ ಓರೆಬೆಳಕು ಬೀಳುತ್ತದೆ. ಕಟ್ಟಡಗಳ ಮೂಲೆ, ಗೋಪುರದ ಉಬ್ಬುತಗ್ಗು ಎದ್ದು ಕಾಣುತ್ತವೆ. ಜೂನಿನಲ್ಲಿ ಸೂರ್ಯ ವಾಯವ್ಯದ ಕಡೆ ಸರಿದು ನಗರದ ಹಿಂದೆ, ನಿಮ್ಮ ಎದುರು ಬದಿಗೆ ಬರುತ್ತಾನೆ. ಆಗ ಮನೆಗಳು ಕಪ್ಪು ನೆರಳು. ಆದರೆ ಭಾನುವಾರ ಸಂಜೆ 7ಕ್ಕೆ ಅರಮನೆಯ ದೀಪ ಹೊತ್ತಿದಾಗ ಲೆಕ್ಕ ತಿರುಗುಮುರುಗು. ಜೂನ್, ಜುಲೈಯಲ್ಲಿ ಸೂರ್ಯಾಸ್ತವೇ 6:50ರ ಸುಮಾರಿಗೆ, ಹಾಗಾಗಿ 7ರಿಂದ 7:10ರವರೆಗೆ ದೀಪವೂ ಇರುತ್ತದೆ, ಆಕಾಶದಲ್ಲಿ ನೀಲಿಯೂ ಇರುತ್ತದೆ. ಡಿಸೆಂಬರಿನಲ್ಲಿ 7 ಗಂಟೆಗೆ ಪೂರ್ತಿ ಕತ್ತಲು, ಕಪ್ಪು ಹಾಳೆಯ ಮೇಲೆ ಹಳದಿ ಚುಕ್ಕಿ ಇಟ್ಟಂತೆ. ಮಳೆಗಾಲದ ಮೋಡ ಅಡ್ಡ ಬರಬಹುದು ನಿಜ, ಆದರೆ ಒಂದು ಭಾನುವಾರ ತೆರಪು ಸಿಕ್ಕರೆ ಆ ಹತ್ತು ನಿಮಿಷ ಸಾಕು. ಕತ್ತಲಾದ ಮೇಲೆ ಬೆಟ್ಟದಲ್ಲಿ ಎಷ್ಟು ಹೊತ್ತು ಇರಲು ಬಿಡುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ.

ಕರಿಘಟ್ಟದಲ್ಲಿ ಶ್ರೀರಂಗಪಟ್ಟಣ ನಿಮಗೆ ಪಶ್ಚಿಮಕ್ಕೆ. ಬೆಳಗ್ಗೆ ಹೋದರೆ ಬೆಳಕು ಬೆನ್ನ ಹಿಂದಿನಿಂದ ಬಂದು ಎಲ್ಲ ಚಪ್ಪಟೆ. ಸಂಜೆ ಎದುರು ಬೆಳಕಿನಲ್ಲಿ ಕಾವೇರಿ ಬೆಳ್ಳಿಗೆರೆಯಾಗುತ್ತಾಳೆ, ತೆಂಗಿನ ತೋಟ ಸಾಲುಸಾಲು ನೆರಳಾಗುತ್ತದೆ. ಅಲ್ಲಿಗೆ ಸಂಜೆಯೇ ಸರಿ.

ಕಲ್ಲಿನ ವಿಷಯ. ನಮ್ಮ ಕಡೆಯ ಗುಡ್ಡಗಳ ಬಂಡೆ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಮೇಲಿನ ಭಾರ ಸವೆದು ಹೋದಂತೆ ಒಳಗಿನ ಕಲ್ಲು ಹಿಗ್ಗಿ ಬಿರುಕು ಬಿಡುವುದು, ಬಿಸಿಲಿಗೆ ಕಾದು ಇರುಳಿಗೆ ಆರುವುದು, ಬಿರುಕಿನಲ್ಲಿ ನೀರು ಇಳಿಯುವುದು ಸೇರಿ ಹೀಗಾಗುತ್ತದೆ. ಆ ಪದರದ ಅಂಚು ಚಿತ್ರದಲ್ಲಿ ಕಾಣುವುದು ಓರೆಬೆಳಕಿನಲ್ಲಿ ಮಾತ್ರ. ಅಳತೆ ಸುಲಭ: ನಿಮ್ಮ ನೆರಳು ನಿಮ್ಮ ಎತ್ತರದ ಮೂರರಷ್ಟು ಇರುವ ತನಕ ಕಲ್ಲು ಮಾತಾಡುತ್ತದೆ, ಅಂದರೆ ಸೂರ್ಯೋದಯವಾಗಿ ಸುಮಾರು ಒಂದೂಕಾಲು ಗಂಟೆ. ನೆರಳು ನಿಮ್ಮಷ್ಟೇ ಉದ್ದವಾದಾಗ ಬಣ್ಣದ ಚಿತ್ರ ನಿಲ್ಲಿಸಬಹುದು.

ನಿಲ್ಲಿಸಲೇಬೇಕೆಂದಿಲ್ಲ, ಕಪ್ಪುಬಿಳುಪಿಗೆ ಹೊರಳಬಹುದು. 1927ರ ಏಪ್ರಿಲ್ 10ರಂದು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಯೊಸೆಮಿಟಿಯ ಹಾಫ್ ಡೋಮ್ ಎಂಬ ಹೆಬ್ಬಂಡೆಯ ಎದುರಿನ ಚಾಚುಬಂಡೆಗೆ ಗಾಜಿನ ಪ್ಲೇಟುಗಳನ್ನು ಹೊತ್ತು ಹತ್ತಿದ್ದರು. ಕೊನೆಗೆ ಉಳಿದದ್ದು ಎರಡೇ ಪ್ಲೇಟು. ಒಂದನ್ನು ಹಳದಿ ಫಿಲ್ಟರಿನಲ್ಲಿ ತೆಗೆದ ಮೇಲೆ, ಬಂಡೆ ತನಗೆ ಅನ್ನಿಸಿದಷ್ಟು ಗಂಭೀರವಾಗಿ ಬರುವುದಿಲ್ಲ ಎಂದು ಅವರಿಗೆ ಹೊಳೆಯಿತು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಆಕಾಶ ಬಹುತೇಕ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ನೀವು ಅದನ್ನೇ ಡಿಜಿಟಲ್ಲಿನಲ್ಲಿ ಮಾಡಬಹುದು. ಮಳೆ ಬಂದು ಹೋದ ಸೆಪ್ಟೆಂಬರ್, ಅಕ್ಟೋಬರಿನ ತಿಳಿ ಆಕಾಶದಲ್ಲಿ, ಬೆಳಗ್ಗೆ 10 ಗಂಟೆಯ ಬಿಸಿಲಿನಲ್ಲೂ ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಚಿತ್ರ) ತೆಗೆದು, ಎಡಿಟಿಂಗ್‌ನಲ್ಲಿ ಕಪ್ಪುಬಿಳುಪಿಗೆ ತಂದು, ನೀಲಿ ಸ್ಲೈಡರ್ ಇಳಿಸಿ, ಹಳದಿ ಮತ್ತು ಕಿತ್ತಳೆ ಸ್ವಲ್ಪ ಏರಿಸಿ. ನೀಲಿಯನ್ನು ಪೂರ್ತಿ ಕೆಳಕ್ಕೆ ಎಳೆದರೆ ಆಕಾಶದಲ್ಲಿ ಮರಳು ಎರಚಿದಂತೆ ಚುಕ್ಕಿ ಏಳುತ್ತದೆ, ಅರ್ಧದ ಹತ್ತಿರ ನಿಲ್ಲಿಸಿ. ಮಾರ್ಚಿನ ಬಿಳಿಚು ಆಕಾಶಕ್ಕೆ ಈ ಉಪಾಯ ನಡೆಯದು, ಏಕೆಂದರೆ ಅಲ್ಲಿ ಕಪ್ಪಾಗಿಸಲು ನೀಲಿಯೇ ಇರುವುದಿಲ್ಲ.

ಮಳೆ ನಿಂತ ಮೇಲಿನ ಎರಡು ಮೂರು ವಾರ ನಮ್ಮ ಗುಡ್ಡಗಳಲ್ಲಿ ಇನ್ನೊಂದು ಸಂಪತ್ತು ಸಿಗುತ್ತದೆ: ದೊಣೆ. ಬಂಡೆಯ ನೆತ್ತಿಯ ತಗ್ಗಿನಲ್ಲಿ ನಿಂತ ನೀರು, ಕೆಲವು ತಟ್ಟೆಯಷ್ಟು, ಕೆಲವು ಬಚ್ಚಲಷ್ಟು. ಗಾಳಿ ಏಳುವ ಮುಂಚಿನ ಹೊತ್ತಿನಲ್ಲಿ ಅದು ಕನ್ನಡಿ. ಎದ್ದು ನಿಂತು ನೋಡಿದರೆ ತಳದ ಪಾಚಿ, ಗೊದಮೊಟ್ಟೆ ಕಾಣುತ್ತವೆ. ಮಂಡಿಯೂರಿ ಕ್ಯಾಮೆರಾವನ್ನು ನೀರಿನ ಮೇಲೆ ಒಂದು ಗೇಣಿಗೆ ಇಳಿಸಿ, ಪಾಚಿ ಮಾಯವಾಗಿ ಅಷ್ಟು ಚಿಕ್ಕ ನೀರಿನಲ್ಲಿ ಇಡೀ ಮೂಡಣ ಬಂದು ಕೂರುತ್ತದೆ. 18 ಮಿ.ಮೀ., ಎಫ್ 11 (ಲೆನ್ಸಿನ ಕಂಡಿಯ ಅಳತೆ, ಅಂಕಿ ಹೆಚ್ಚಿದಷ್ಟೂ ಕಂಡಿ ಕಿರಿದು), ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100. ಫೋಕಸ್ ಅನ್ನು ದೂರದ ಗುಡ್ಡಕ್ಕೂ ಇಡಬೇಡಿ, ದೊಣೆಯ ಹತ್ತಿರದ ಅಂಚಿಗೂ ಇಡಬೇಡಿ. ಸುಮಾರು ಒಂದೂವರೆ ಮೀಟರ್ ದೂರದ ಒಂದು ಕಲ್ಲಿಗೆ ಇಟ್ಟು ಮ್ಯಾನ್ಯುಯಲ್ಲಿಗೆ ಹಾಕಿ. ನಿಮ್ಮ ಕ್ಯಾಮೆರಾದ ಸೆನ್ಸರ್ ಅಳತೆಗೆ ಆಗ ಮುಕ್ಕಾಲು ಮೀಟರಿನಿಂದ ದಿಗಂತದವರೆಗೂ ಸ್ಪಷ್ಟ ಇರುತ್ತದೆ. ಎಫ್ 8ರಲ್ಲಾದರೆ ಒಂದು ಮಾರಿಗಿಂತ ಚೂರು ಹೆಚ್ಚು, ಎರಡು ಮೀಟರಿಗೆ ಇಡಿ, ಒಂದು ಮೀಟರಿನಿಂದಾಚೆ ಸ್ಪಷ್ಟ. ಎಫ್ 16, 22ಕ್ಕೆ ಹೋಗಬೇಡಿ. ಅಷ್ಟು ಕಿರಿದಾದ ಕಂಡಿಯಲ್ಲಿ ಬೆಳಕು ಹರಡಿ ಇಡೀ ಚಿತ್ರ ಮೆತ್ತಗಾಗುತ್ತದೆ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಇಲ್ಲಿ ಬಿಚ್ಚಿಡಿ, ಪ್ರತಿಬಿಂಬವನ್ನೇ ಅಳಿಸಿಬಿಡುತ್ತದೆ. ದೊಣೆಯೊಳಗೆ ಕಾಲಿಡಬೇಡಿ. ಆ ನೀರನ್ನೇ ನಂಬಿದ ಜೀವಿಗಳಿರುತ್ತವೆ, ಕಲಕಿದ ನೀರು ಆ ಬೆಳಗ್ಗೆ ತಿಳಿಯಾಗುವುದೂ ಇಲ್ಲ.

ಬೆಳಕು, ಕತ್ತಲೆಯ ಅಂತರ ಹೆಚ್ಚಿರುವಾಗ ಮೂರು ಚಿತ್ರ ತೆಗೆಯಿರಿ: ಕ್ಯಾಮೆರಾದ ಬೆಳಕಿನ ಮೀಟರ್ ಹೇಳಿದ್ದು ಒಂದು, ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಕಡಿಮೆ ಒಂದು, ಎರಡು ಸ್ಟಾಪ್ ಹೆಚ್ಚು ಒಂದು. ಆಮೇಲೆ ಜೋಡಿಸಬಹುದು. ಒಂದೇ ಚಿತ್ರ ಸಾಧ್ಯವಾದರೆ ಆಕಾಶ ಸುಡದಂತೆ ತೆಗೆಯಿರಿ. ಕತ್ತಲನ್ನು ರಾ ಫೈಲಿನಲ್ಲಿ ಎತ್ತಬಹುದು, ಸುಟ್ಟ ಬಿಳಿಯನ್ನು ಮರಳಿ ತರಲಾಗದು. ಡಿಸೆಂಬರ್, ಜನವರಿಯಲ್ಲಿ ನಾಲೆ ಬಯಲಿನ ಗದ್ದೆಗಳ ಮೇಲೆ ಮಂಜು ಹಾಸಿದಾಗ ಮಾತ್ರ ಉಲ್ಟಾ. ಮೀಟರ್ ಬಿಳಿಯನ್ನೆಲ್ಲ ಬೂದಿ ಮಾಡಲು ಹೊರಡುತ್ತದೆ, ಅದಕ್ಕೆ ಒಂದು ಸ್ಟಾಪ್ ಹೆಚ್ಚು ಕೊಡಿ. ಆ ದಿನಗಳಲ್ಲಿ ಆಲೆಮನೆಯ ಹೊಗೆಯೂ ಮೇಲೇಳದೆ ಮಂಜಿನ ಮಟ್ಟದಲ್ಲೇ ಅಡ್ಡಕ್ಕೆ ಹರಡಿರುತ್ತದೆ. ಮಂಡ್ಯದ ಬೆಳಗನ್ನು ಬೇರೆಲ್ಲ ಊರಿನ ಬೆಳಗಿನಿಂದ ಬೇರೆ ಮಾಡುವುದು ಆ ಹೊಗೆಯ ಗೆರೆ. ಅದನ್ನು ಚಿತ್ರದಿಂದ ಅಳಿಸಲು ಹೋಗಬೇಡಿ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಹೊಂಬಣ್ಣವನ್ನು ದೋಷವೆಂದು ತಿಳಿದು ತೊಳೆದುಬಿಡುತ್ತದೆ, ಡೇಲೈಟಿಗೆ ಹಾಕಿ ಮರೆತುಬಿಡಿ.

ಟ್ರೈಪಾಡ್ ಒಂದೂವರೆ ಕಿಲೋ ಒಳಗಿನದು ಸಾಕು. ಬೆಟ್ಟದ ಗಾಳಿಗೆ ನಡುಗಂಬ ಎತ್ತಬೇಡಿ, ಕಾಲುಗಳನ್ನು ಅಗಲಿಸಿ ತಗ್ಗಿಸಿ, ಬ್ಯಾಗನ್ನು ನೆಲಕ್ಕೆ ತಾಗುವಂತೆ ನೇತುಹಾಕಿ. ತಾಗದೆ ತೂಗಾಡಿದರೆ ಅದೇ ಅಲುಗಾಟ. ಎರಡು ಸೆಕೆಂಡ್ ಟೈಮರ್ ಇಡಿ, ಲೆನ್ಸಿನ ಸ್ಟೆಬಿಲೈಸೇಷನ್ ಆರಿಸಿ.

ಲೆನ್ಸ್ ಬಗ್ಗೆ ಕೇಳಿದ್ದಿರಿ. ಅಗಲದ ಲೆನ್ಸ್ ಈಗ ಬೇಡ. ನಿಮಗೆ ಬೇಕಾದದ್ದು ಉದ್ದದ್ದು, ಅಂದರೆ ದೂರದ್ದನ್ನು ಹತ್ತಿರ ತರುವಂಥದ್ದು. ಲೆಕ್ಕ ನೋಡಿ: ಮೈಸೂರು ಅರಮನೆ 245 ಅಡಿ ಅಗಲ. 4 ಕಿ.ಮೀ. ದೂರದಿಂದ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದರೆ 6,000 ಪಿಕ್ಸೆಲ್ ಅಗಲದ ಚಿತ್ರದಲ್ಲಿ 18 ಮಿ.ಮೀ.ಗೆ ಅದು ಸುಮಾರು 85 ಪಿಕ್ಸೆಲ್, ಇರುವೆಯಷ್ಟು. 55ರಲ್ಲಿ 260. 200ರಲ್ಲಿ 950. ನಿಮ್ಮ ಬಯಲು ಚಪ್ಪಟೆಯಾಗಿ ಕಂಡದ್ದಕ್ಕೆ ಇದೂ ಒಂದು ಕಾರಣ. ಕಣ್ಣು ಆರಿಸಿಕೊಂಡು ನೋಡಿದ ಒಂದು ತೆಂಗಿನ ಸಾಲು, ಒಂದು ಕೆರೆ ಏರಿ, 18ರಲ್ಲಿ ಕರಗಿ ಹೋಗುತ್ತವೆ. ಸೆಕೆಂಡ್ ಹ್ಯಾಂಡ್ 55–200 ಅಥವಾ 55–250 ಕೊಂಡರೆ ಗುಡ್ಡದ ಹಿಂದೆ ಗುಡ್ಡ, ಮಂಜಿನ ಹಿಂದೆ ಮಂಜು ಪದರವಾಗಿ ಸಿಗುತ್ತದೆ. ಜುಲೈ, ಆಗಸ್ಟಿನಲ್ಲಿ ನಾಟಿಗೆ ನೀರು ಕಟ್ಟಿದ ಗದ್ದೆಗಳು ಮೇಲಿನಿಂದ ಚೂರು ಚೂರು ಕನ್ನಡಿಯಂತೆ ಹೊಳೆಯುವುದನ್ನು ಹಿಡಿಯಲೂ ಅದೇ ಬೇಕು. ಅಳತೆ ತೋರಿಸಲು ಜೊತೆಗಾರರನ್ನು 30–40 ಮೀಟರ್ ಆಚೆಯ ಬಂಡೆಯ ಮೇಲೆ ನಿಲ್ಲಿಸಿ, ಅಂಚಿನಲ್ಲಲ್ಲ, ನಡುವೆ. ಕೆಂಪು ಅಥವಾ ಹಳದಿ ಅಂಗಿ ಇದ್ದರೆ ಒಳ್ಳೆಯದು.

ಬೆಟ್ಟದ ಅಪಾಯಗಳು ನಿಮಗೆ ಗೊತ್ತಿರುತ್ತವೆ. ಆದರೆ ಕಣ್ಣು ಕ್ಯಾಮೆರಾದಲ್ಲಿರುವಾಗ ಗೊತ್ತಿರುವುದೂ ಮರೆಯುತ್ತದೆ. ಬಂಡೆಯ ಮೇಲೆ ನೀರು ಹರಿದ ಕಪ್ಪು ಪಟ್ಟೆ ಒಣಗಿದಾಗ ಹಿಡಿತ ಕೊಡುತ್ತದೆ, ಒದ್ದೆಯಾದಾಗ ಸೋಪು. ಇಬ್ಬನಿ ಬಿದ್ದ ಬೆಳಗ್ಗೆಯೂ ಅದು ಒದ್ದೆಯೇ. ವ್ಯೂಫೈಂಡರಿನಲ್ಲಿ ನೋಡುತ್ತ ಒಂದು ಹೆಜ್ಜೆಯೂ ಇಡಬೇಡಿ: ಕ್ಯಾಮೆರಾ ಇಳಿಸಿ, ಹೆಜ್ಜೆ ಇಡಿ, ಮತ್ತೆ ಎತ್ತಿ. ಬಂಡೆಯ ಚಾಚಿನ ಅಡಿ ಕಪ್ಪಗೆ ಅರ್ಧಚಂದ್ರದಂತೆ ಹೆಜ್ಜೇನು ತೂಗುತ್ತಿದ್ದರೆ ಅದರ ಕೆಳಗೆ ಹಾದು ಹೋಗುವುದು ಬೇಡ, ಫ್ಲ್ಯಾಷ್ ಬೇಡ, ಹೊಗೆ, ಸೆಂಟು ಬೇಡವೇ ಬೇಡ. ಡ್ರೋನ್ ತಂದವರಿದ್ದರೆ ಅವರಿಗೂ ಹೇಳಿ. ಬೆಳಗಿನ ಜಾವ ಮತ್ತು ಮುಸ್ಸಂಜೆ ಚಿರತೆ ಓಡಾಡುವ ಹೊತ್ತು, ಒಬ್ಬರೇ ಹೋಗಬೇಡಿ, ತಲೆಗೆ ಕಟ್ಟುವ ಟಾರ್ಚ್ ಇರಲಿ. ಏಪ್ರಿಲ್, ಮೇ ಮಧ್ಯಾಹ್ನದ ಗುಡುಗಿನ ಮೋಡ ಚಿತ್ರಕ್ಕೆ ಬಹಳ ಚೆಂದ. ಮಿಂಚು ಕಂಡು ಗುಡುಗು ಕೇಳಲು 30 ಸೆಕೆಂಡಿಗಿಂತ ಕಡಿಮೆಯಾದರೆ ಅದು 10 ಕಿ.ಮೀ. ಒಳಗಿದೆ, ಟ್ರೈಪಾಡ್ ಮಡಚಿ ಇಳಿಯಿರಿ. ಆ ಚಿತ್ರವನ್ನು ಬಯಲಿನಲ್ಲಿ ಕಾರಿನೊಳಗೆ ಕೂತು ತೆಗೆಯಬಹುದು.

ಇನ್ನು ಹಗ್ಗದ ವಿಷಯ. ವಿಡಿಯೊ ನೋಡಿ ಕಲಿಯುವ ವಿದ್ಯೆ ಇದಲ್ಲ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ಶಿಬಿರಕ್ಕೆ ಸೇರಿ. ಮೊದಲ ಕೆಲವು ತಿಂಗಳು ಕ್ಯಾಮೆರಾ ಮನೆಯಲ್ಲೇ ಇರಲಿ. ಗಂಟು ಹಾಕುವುದು, ಬಿಲೇ ಕೊಡುವುದು (ಹತ್ತುವವರ ಹಗ್ಗ ಹಿಡಿದು ಬೀಳದಂತೆ ಕಾಯುವುದು), ಹಗ್ಗದಲ್ಲಿ ಇಳಿಯುವುದು ಯೋಚಿಸದೆ ಕೈಗೆ ಬರುವವರೆಗೆ ಎರಡು ಕೆಲಸ ಒಟ್ಟಿಗೆ ಬೇಡ.

ಆಮೇಲೆ ಒಯ್ಯುವ ಕ್ರಮ ಹೀಗೆ. ಕುತ್ತಿಗೆಗೆ ನೇತುಹಾಕಿದ ಕ್ಯಾಮೆರಾ ಹತ್ತುವಾಗ ಹೊಟ್ಟೆಗೂ ಬಂಡೆಗೂ ನಡುವೆ ಸಿಕ್ಕಿ ನಿಮ್ಮನ್ನು ಬಂಡೆಯಿಂದ ಆಚೆ ತಳ್ಳುತ್ತದೆ, ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆಗೇ ಕುತ್ತು. ಹತ್ತುವಾಗ ಅದು ಬೆನ್ನ ಬ್ಯಾಗಿನಲ್ಲಿ, ಮೆತ್ತನೆ ಚೀಲದೊಳಗೆ ಇರಬೇಕು. ತೆಗೆಯುವ ಜಾಗ ತಲುಪಿ, ನಿಮ್ಮ ಆಂಕರಿಗೆ (ಬಂಡೆಗೆ ಭದ್ರ ಮಾಡಿದ ಆಧಾರಕ್ಕೆ) ನಿಮ್ಮನ್ನು ಕಟ್ಟಿಕೊಂಡ ಮೇಲೆ, ಕ್ಯಾಮೆರಾಕ್ಕೆ ಬೇರೆಯದೇ ಒಂದು ಗಿಡ್ಡ ಸ್ಲಿಂಗ್ (ಗಟ್ಟಿ ಪಟ್ಟಿ) ಹಾಕಿ, ಸೊಂಟಕ್ಕೆ ಕಟ್ಟಿದ ಹಾರ್ನೆಸ್ಸಿನ ಗೇರ್ ಲೂಪಿಗೆ (ಸಾಮಾನು ತೂಗುಹಾಕುವ ಕುಣಿಕೆಗೆ) ಕ್ಯಾರಬಿನರ್ ಎಂಬ ಲೋಹದ ಕೊಂಡಿಯಲ್ಲಿ ಸಿಕ್ಕಿಸಿ. ಕಟ್ಟಿಕೊಂಡಾದ ಮೇಲೆಯೇ ಬ್ಯಾಗಿನ ಜಿಪ್ ತೆಗೆಯಬೇಕು. ಲೆನ್ಸಿನ ಮುಚ್ಚಳ, ಫಿಲ್ಟರ್, ಬ್ಯಾಟರಿ ಬಟನ್ ಇರುವ ಜೇಬಿನಲ್ಲಿರಲಿ. 20 ಮೀಟರ್ ಮೇಲಿನಿಂದ ಬಿದ್ದ ಒಂದು ಫಿಲ್ಟರ್ ಕೆಳಗೆ ಬಿಲೇ ಕೊಡುತ್ತಿರುವವರಿಗೆ ಕಲ್ಲೇಟಿನಷ್ಟೇ. ಹೆಲ್ಮೆಟ್ ಕೆಳಗಿನವರಿಗೂ ಬೇಕು. ಹಗ್ಗದ ಮೇಲೆ ಲೆನ್ಸ್ ಬದಲಿಸುವುದು ಬೇಡ, ಒಂದೇ ಲೆನ್ಸಿನಲ್ಲಿ ಹೋಗಿ, 18–55 ಇದಕ್ಕೆ ಹೇಳಿ ಮಾಡಿಸಿದಂತಿದೆ.

ಹತ್ತುವವರ ಚಿತ್ರ ತೆಗೆಯುವಾಗ ನಿಮ್ಮ ಹಗ್ಗ, ನಿಮ್ಮ ಆಂಕರ್ ಅವರದ್ದಕ್ಕಿಂತ ಬೇರೆಯೇ ಇರಬೇಕು. ಅವರ ದಾರಿಯ ನೇರ ಮೇಲೆ ತೂಗಾಡಬೇಡಿ, ನಿಮ್ಮ ಕಾಲಿನಿಂದ ಜಾರಿದ ಹರಳು ಅವರ ಮುಖಕ್ಕೆ ಬೀಳುತ್ತದೆ. ಕೆಳಗಿನಿಂದ ತೆಗೆದರೆ ಬರುವುದು ಬೂಟಿನ ಅಡಿಯಷ್ಟೇ. ಮೂರು ನಾಲ್ಕು ಮೀಟರ್ ಪಕ್ಕಕ್ಕೆ, ಅವರಿಗಿಂತ ಒಂದಾಳು ಮೇಲೆ ನಿಂತರೆ ಅವರ ಮುಖ, ಬಿರುಕಿಗೆ ತುರುಕಿದ ಬೆರಳು, ಅವರ ಹಿಂದೆ ಕೆಳಗಿನ ಬಯಲು ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ. ಶಟರ್ 1/500 ಸೆಕೆಂಡ್, ಫೋಕಸ್ ಮೇಲಿನ ಕೈಗೆ. ಬಂಡೆಯ ಪದರ ಟೊಳ್ಳಾಗಿ ‘ಡಬ್’ ಎಂದರೆ ಅದಕ್ಕೆ ಕಾಲೂ ಕೊಡಬೇಡಿ, ಆಂಕರೂ ಹಾಕಬೇಡಿ. ಬೆರಳ ಗಿಣ್ಣಿನಿಂದ ಬಡಿದು ನೋಡಿದರೆ ಗೊತ್ತಾಗುತ್ತದೆ.